ಬೊಂಬೆ ಕಾರ್ಖಾನೆಯ ಬಿಳಿ ನೀರು

ಆ ಬೇಸಿಗೆಯಲ್ಲಿ ಸಿರುಗುಪ್ಪದ ಬಟ್ಟೆ ಅಂಗಡಿಯೊಂದು ಒಂದೇ ಸಲಕ್ಕೆ ಹದಿನಾಲ್ಕು ಬೊಂಬೆಗಳನ್ನು ಕೇಳಿದಾಗ ನಮ್ಮ ಶೆಡ್ಡಿನಲ್ಲಿ ಯಾರೂ ಸಂತೋಷಪಡಲಿಲ್ಲ. ಅಲ್ಲಿಯವರೆಗೆ ಒಂದು, ಎರಡು, ಹೆಚ್ಚೆಂದರೆ ನಾಲ್ಕು ಬೊಂಬೆಗಳಿಗೆ ಬೇಡಿಕೆ ಬರುತ್ತಿತ್ತು. ಮದುವೆಯ ಹಂಗಾಮು ಮುಗಿಯುವುದರೊಳಗೆ ಹದಿನಾಲ್ಕನ್ನು ಮಾಡಿ ಕಳಿಸುವುದು ಆರು ಜನರಿಂದ ಆಗುವ ಕೆಲಸವಾಗಿರಲಿಲ್ಲ. ಬಳ್ಳಾರಿಯ ಗಾಂಧಿನಗರದಲ್ಲಿ ಯಜಮಾನರ ಮನೆಯ ಹಿಂದೆ ತಗಡು ಹೊದಿಸಿದ ಒಂದು ಶೆಡ್ಡು, ಅದಕ್ಕೆ ಅಂಟಿದ ಒಂದು ಕೋಣೆ, ನಡುವೆ ಸಿಮೆಂಟಿನ ತೊಟ್ಟಿ: ಇದನ್ನೇ ನಾವು ಕಾರ್ಖಾನೆ ಎನ್ನುತ್ತಿದ್ದೆವು. ಚಿತ್ರಕಲೆಯ ತರಬೇತಿ ಮುಗಿಸಿದ್ದ ನಾನು ಅಲ್ಲಿ ಬೊಂಬೆಗಳಿಗೆ ಕಣ್ಣು, ಹುಬ್ಬು, ತುಟಿ ಬರೆಯುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು.

ಬಟ್ಟೆ ವ್ಯಾಪಾರದ ರೀತಿಯೇ ಬದಲಾಗುತ್ತಿದ್ದ ಕಾಲವದು. ಹಿಂದೆ ಗಿರಾಕಿ ಬಂದು ಗಾದಿಯ ಮೇಲೆ ಕೂರುತ್ತಿದ್ದ. ಅಂಗಡಿಯವನು ಸೀರೆಗಳ ಮಡಿಕೆ ಬಿಚ್ಚಿ ಮುಂದೆ ಹರಡುತ್ತಿದ್ದ. ಕಾಲುವೆಯ ನೀರು ಸಿರುಗುಪ್ಪದ ಕಡೆಯ ಹೊಲಗಳಿಗೆ ಭತ್ತ ತಂದಿತು. ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. ಹೊಸ ಅಂಗಡಿಗಳು ಬಂದವು. ಅವುಗಳ ಮುಂಭಾಗಕ್ಕೆ ಗಾಜು ಬಂತು. ಹೊಲಿದು ಸಿದ್ಧವಾದ ಅಂಗಿ, ಪ್ಯಾಂಟು, ಫ್ರಾಕುಗಳು ಬರತೊಡಗಿದ ಮೇಲಂತೂ ಅವನ್ನು ತೊಟ್ಟು ತೋರಿಸುವ ಒಂದು ದೇಹ ಬೇಕಾಯಿತು. ಗಾಜಿನ ಹಿಂದೆ ಬೊಂಬೆ ನಿಲ್ಲದ ಅಂಗಡಿ ಹಳೆಯ ಅಂಗಡಿ ಎನ್ನಿಸಿಕೊಳ್ಳುವ ದಿನ ಬಂದಿದೆಯೆಂದು, ಸ್ವತಃ ಬಟ್ಟೆ ವ್ಯಾಪಾರದ ಮನೆತನದವರಾದ ನಮ್ಮ ಯಜಮಾನರು ಬೇಗ ಅರಿತರು. ಮುಂಬಯಿಯಿಂದ ರೈಲಿನಲ್ಲಿ ಬರುವ ಪ್ಲಾಸ್ಟರಿನ ಬೊಂಬೆ ಇಬ್ಬರು ಹೊರುವಷ್ಟು ಭಾರ. ಇಳಿಸುವಾಗ ಮೂಗು ಮುರಿದಿರುತ್ತಿತ್ತು. ಕಾಗದದ ತಿರುಳಿನ ಬೊಂಬೆಯನ್ನು ಅಂಟಿನ ಆಸೆಗೆ ಇಲಿ ಕಡಿಯುತ್ತಿತ್ತು. ಹೊಸದಾಗಿ ಬಂದಿದ್ದ ಫೈಬರ್ ಗ್ಲಾಸಿನ ಬೊಂಬೆಯನ್ನಾದರೋ ಒಬ್ಬಳೇ ಹೆಂಗಸು ಕಂಕುಳಲ್ಲಿ ಎತ್ತಿಕೊಂಡು ಹೋಗಬಹುದಿತ್ತು, ಒದ್ದೆ ಬಟ್ಟೆಯಿಂದ ಒರೆಸಬಹುದಿತ್ತು.

ಮುಂಬಯಿಯ ಬೊಂಬೆಗೆ ಇನ್ನೊಂದು ದೋಷವಿತ್ತು. ಅದು ಒಂದು ಕಾಲು ಮುಂದಿಟ್ಟು, ಸೊಂಟ ಓರೆಮಾಡಿ ನಿಲ್ಲುತ್ತಿತ್ತು. ಸೀರೆ ಉಡಿಸಿದರೆ ನಿರಿಗೆ ನೇರ ಬೀಳುತ್ತಿರಲಿಲ್ಲ. ಕುರುಗೋಡಿನ ವ್ಯಾಪಾರಿಯೊಬ್ಬರು ಅಂಥದೊಂದನ್ನು ವಾಪಸು ಕಳಿಸಿ, ತಮ್ಮೂರಿನ ಯಾವ ಸೊಸೆಯೂ ಹೀಗೆ ನಿಲ್ಲುವುದಿಲ್ಲವೆಂದು ಹೇಳಿಕಳಿಸಿದ್ದರು. ಆದ್ದರಿಂದ ನಾವು ಫೈಬರ್ ಗ್ಲಾಸಿಗೆ ನಮ್ಮದೇ ಅಚ್ಚು ಮಾಡಿದೆವು: ಎರಡೂ ಪಾದ ಜೋಡಿಸಿ ನೇರ ನಿಂತ ಹೆಣ್ಣು, ಕುಪ್ಪಸ ತೊಡಿಸಲು ಅನುಕೂಲವಾಗುವಂತೆ ಭುಜದಿಂದ ಕಳಚುವ ಕೈಗಳು. ಮೊದಲ ಬೊಂಬೆಗೆ ನಾನು ಗೋಧಿಯ ಬಣ್ಣ ಕೊಟ್ಟೆ. ಅದೇ ಕುರುಗೋಡಿನ ವ್ಯಾಪಾರಿ ಅದನ್ನೂ ತಿರುಗಿಸಿ ಕಳಿಸಿದರು. ಕಪ್ಪು ಬೊಂಬೆಗೆ ಉಡಿಸಿದ ಸೀರೆ ಮಾರಾಟವಾಗುವುದಿಲ್ಲವಂತೆ. ಅಲ್ಲಿಂದಾಚೆಗೆ ಎಲ್ಲ ಬೊಂಬೆಗಳಿಗೂ ಗುಲಾಬಿ ಬಣ್ಣ. ನಮ್ಮ ನೆಲದ ಹೆಣ್ಣಿನ ಮೈಬಣ್ಣವನ್ನು ಅವಳಿಗೇ ಅವಮಾನವೆಂದು ತೋರಿಸುವ ಕೆಲಸವದು. ತಪ್ಪೆಂದು ಗೊತ್ತಿತ್ತು, ಬಳಿದೆ.

ಶೆಡ್ಡಿನೊಳಗಿನ ತಪ್ಪುಗಳೂ ನನಗೆ ಗೊತ್ತಿದ್ದವು. ಹೆಣ್ಣಾಳಿಗೆ ಗಂಡಾಳಿನ ಅರ್ಧ ಕೂಲಿ. ಕೈಗವಸು ಒಂದೇ ಜೊತೆ, ಅದೂ ಮೇಸ್ತ್ರಿಗೆ. ಗಾಜಿನ ನಾರಿನ ಚೂರುಗಳು ಚರ್ಮದೊಳಗೆ ಇಳಿದು ಹೆಂಗಸರು ಇಡೀ ದಿನ ತುರಿಸಿಕೊಳ್ಳುತ್ತಿದ್ದರು. ಅದಕ್ಕೆ ಕೊಬ್ಬರಿ ಎಣ್ಣೆಯೊಂದೇ ಔಷಧ. ವಿದ್ಯಾರ್ಥಿ ದಿನಗಳಲ್ಲಿ ಕಾರ್ಮಿಕಪರ ಸಂಘಟನೆಯೊಂದರ ಓದುಕೂಟಗಳಲ್ಲಿ ಬೆಳೆದವಳು ನಾನು. ಇವನ್ನೆಲ್ಲ ಕಂಡು ಸುಮ್ಮನಿರಲಾಗದೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೆಂಗಸರಿಗೆ ಅಕ್ಷರ ಕಲಿಸಲು ಶುರುಮಾಡಿದೆ. ಅದರಿಂದಲೇ ನಾನು ಅವರ ಬಾಯಲ್ಲಿ ‘ಅಕ್ಕೋರು’ ಆದೆ, ಶಾಲೆಯ ಶಿಕ್ಷಕಿಯನ್ನು ಕರೆಯುವ ಹಾಗೆ.

ಅವರಲ್ಲಿ ಚುರುಕಾದವಳು ಸಿರಿಗೇರಿಯ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ನಾಟಿಯ ಕೂಲಿ ಬಿಟ್ಟು, ಬಳ್ಳಾರಿಯಲ್ಲಿದ್ದ ಅಕ್ಕನ ಮನೆಗೆ ಬಂದಿದ್ದಳು. ಬೊಂಬೆಯ ಎರಡು ಹೋಳುಗಳ ಸಂದು ಕಾಣದಂತೆ ಉಜ್ಜುವುದರಲ್ಲಿ ಅವಳ ಕೈ ಮೇಸ್ತ್ರಿಯ ಕೈಗಿಂತ ನಯ. ಉಜ್ಜುತ್ತ ಬೊಂಬೆಯನ್ನು ಮಾತಾಡಿಸುವುದು ಅವಳ ರೂಢಿ.

“ನೋಡ್ರಿ ಅಕ್ಕೋರ, ಇಕಿಗೆ ಹೊಟ್ಟೀನೂ ಇಲ್ಲ, ಅತ್ತೀನೂ ಇಲ್ಲ. ನಿಂತಲ್ಲೇ ಹೊಸಾ ಸೀರಿ. ಹುಟ್ಟಿದ್ರ ಹಿಂಗ ಹುಟ್ಟಬೇಕು” ಎಂದು ಒಮ್ಮೆ ಎಲ್ಲರನ್ನೂ ನಗಿಸಿದ್ದಳು.

ಇನ್ನು ಬೊಂಬೆ ತಯಾರಿಸುವ ಕ್ರಮವನ್ನು ಹೇಳಬೇಕು. ಮುಂದಾದ ಅನಾಹುತ ಅದರೊಳಗೇ ಇದೆ. ಅಚ್ಚಿಗೆ ಮೇಣ ತಿಕ್ಕಿ ಹೊಳಪು ಬರಿಸಿ, ಅದರ ಮೇಲೆ ರಾಳದ ಒಂದು ತೆಳುಪದರ ಬಳಿದು, ಅದು ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಗಾಜಿನ ನಾರಿನ ಚಾಪೆಯ ತುಂಡುಗಳನ್ನು ಹಾಸಿ, ಕುಂಚದಿಂದ ಕುಟ್ಟಿ ಕುಟ್ಟಿ ರಾಳ ಕುಡಿಸಬೇಕು. ರಾಳ ತಾನಾಗಿ ಗಟ್ಟಿಯಾಗುವುದಿಲ್ಲ. ಮೊದಲು ಅದಕ್ಕೆ ಕೋಬಾಲ್ಟಿನ ದ್ರವ ಬೆರೆಸಬೇಕು. ಚೆನ್ನಾಗಿ ಕಲಕಿದ ಮೇಲೆ, ಹಚ್ಚುವ ಹೊತ್ತಿಗೆ ಸರಿಯಾಗಿ, ಕ್ಯಾಟಲಿಸ್ಟ್ ಎಂಬ ಇನ್ನೊಂದು ದ್ರವ. ಈ ಎರಡೂ ದ್ರವಗಳು ನೇರವಾಗಿ ಒಂದಕ್ಕೊಂದು ತಗುಲಿದರೆ ಬೆಂಕಿಯೇಳುತ್ತದೆ. ಬಳ್ಳಾರಿಯ ಬಿಸಿಲು ಬೇರೆ. ರಾಳ ಮಾರಿದ ಮುಂಬಯಿಯವರು ಹೇಳಿಕೊಟ್ಟ ಅಳತೆಯಲ್ಲಿ ಕ್ಯಾಟಲಿಸ್ಟ್ ಹಾಕಿದರೆ ರಾಳ ಮಗ್ಗಿನಲ್ಲೇ ಗಡ್ಡೆಕಟ್ಟಿ ಹೊಗೆಯಾಡುತ್ತಿತ್ತು. ಅವಸರದಲ್ಲಿ ಹಚ್ಚಿದ ಬೊಂಬೆಯ ಎದೆ ಮರುದಿನ ಬಿರುಕು ಬಿಡುತ್ತಿತ್ತು. ಡ್ರಮ್ಮುಗಳಿಗೆ ಒದ್ದೆ ಗೋಣಿಚೀಲ ಸುತ್ತಿದೆವು. ಬೆಳಕು ಹರಿಯುವ ಹೊತ್ತಿಗೇ ಕೆಲಸ ಹಿಡಿದು ಬಿಸಿಲೇರುವ ಮುನ್ನ ಹಚ್ಚುವುದನ್ನು ನಿಲ್ಲಿಸಿದೆವು. ಮೇಸ್ತ್ರಿ ಕ್ಯಾಟಲಿಸ್ಟನ್ನು ಬಾಟಲಿಯ ಮುಚ್ಚಳದಿಂದ ಅಳೆಯುವುದನ್ನು ಬಿಟ್ಟು ಹನಿ ಎಣಿಸತೊಡಗಿದ. ಆದರೂ ಹದಿನಾಲ್ಕರಲ್ಲಿ ಮೂರು ಬೊಂಬೆಗಳು ಬಿರುಕುಬಿಟ್ಟು ಹೋದವು.

ಇಂಗ್ಲಿಷಿನ ಈ ಹೆಸರುಗಳು ಹೆಂಗಸರ ನಾಲಿಗೆಗೆ ಬರುತ್ತಿರಲಿಲ್ಲ. ಹೆಸರು ಹೇಳಲು ಬಾರದ ವಸ್ತುವಿನ ಮುಂದೆ ಅವರು ಅಂಜಿ ನಿಲ್ಲುವುದನ್ನು ಕಂಡು ನನಗೆ ಸಿಟ್ಟು ಬರುತ್ತಿತ್ತು. ದುಡಿಯುವವರಿಗೆ ತಮ್ಮ ದುಡಿಮೆಯ ವಸ್ತುಗಳ ಹೆಸರು ತಮ್ಮ ನುಡಿಯಲ್ಲಿರಬೇಕೆಂಬುದು ನನ್ನ ನಂಬಿಕೆ. ಈಗಲೂ ಅದನ್ನು ಬಿಟ್ಟಿಲ್ಲ. ರಾಳ ಜೇನಿನ ಬಣ್ಣದ್ದು, ಅದಕ್ಕೆ ‘ಜೇನು’ ಎಂದೆ. ಕೋಬಾಲ್ಟಿನ ದ್ರವ ‘ನೇರಳೆ’ಯಾಯಿತು. ಕ್ಯಾಟಲಿಸ್ಟಿಗೆ ಬಣ್ಣವೇ ಇರಲಿಲ್ಲ, ತಿಳಿನೀರಿನಂತಿತ್ತು. ಅದಕ್ಕೆ ‘ಬಿಳಿ ನೀರು’ ಎಂದು ಹೆಸರಿಟ್ಟೆ. ದಪ್ಪ ಅಕ್ಷರದಲ್ಲಿ ಮೂರು ಚೀಟಿ ಬರೆದು, ಮೈದಾ ಅಂಟಿನಿಂದ ಡಬ್ಬಿಗಳ ಇಂಗ್ಲಿಷ್ ಲೇಬಲ್ಲುಗಳ ಮೇಲೆಯೇ ಅಂಟಿಸಿದೆ. ಕನ್ನಡ ಮೇಲಿರಲಿ, ಇಂಗ್ಲಿಷ್ ಅಡಿಯಲ್ಲಿರಲಿ ಎಂದು ನಗುತ್ತ ಹೇಳಿದ ನೆನಪೂ ಇದೆ.

ಮೇಸ್ತ್ರಿಗೆ ಇದು ಹಿಡಿಸಲಿಲ್ಲ. ಮದ್ರಾಸಿನಲ್ಲಿ ಕೆಲಸ ಕಲಿತು ಬಂದ ತೆಲುಗಿನವನು, ಮಾತು ಕಡಿಮೆ.

“ನೀರು ಅನ್ನಬ್ಯಾಡಮ್ಮಾ ಅದಕ್ಕೆ. ವಿಷಂ ಅಂತ ಬರಿ” ಎಂದ.

ಹೆದರಿಸಿ ಕೆಲಸ ತೆಗೆಯುವುದು ಯಜಮಾನರ ಪದ್ಧತಿ, ನಮ್ಮದಲ್ಲ ಎಂದು ನಾನು ಅವನಿಗೆ ತಿಳಿಹೇಳಿದೆ. ಅವನು ತನ್ನ ಕೆಲಸಕ್ಕೆ ಮರಳಿದ. ಹೆಂಗಸರು ಮೂರೇ ದಿನದಲ್ಲಿ ಮೂರು ಹೆಸರನ್ನೂ ಕಲಿತರು. ಆ ವಾರದ ಓದುಕೂಟದಲ್ಲಿ ಇದನ್ನೊಂದು ಸಾಧನೆಯೆಂದು ನಾನು ವಿವರಿಸಿದೆ.

ಬೊಂಬೆಗಳು ಬಿರುಕುಬಿಟ್ಟು ಕೆಲಸ ಹಿಂದೆ ಬಿದ್ದದ್ದರಿಂದ ಯಜಮಾನರು ಕುರುಗೋಡಿನಿಂದ ಇನ್ನೊಬ್ಬ ಹೆಂಗಸನ್ನು ಕರೆಸಿದರು. ಒಣಗಿದ ಬೊಂಬೆಗಳನ್ನು ತೊಳೆದು ಒರೆಸುವುದು ಅವಳ ಕೆಲಸ; ರಾಳದ ಹತ್ತಿರ ಅವಳಿಗೆ ಕೆಲಸವಿಲ್ಲದ್ದರಿಂದ ಮೂರು ದ್ರವಗಳ ವಿಷಯ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆದರೆ ಬಂದ ದಿನದಿಂದಲೇ ಅವಳು ಮಧ್ಯಾಹ್ನದ ಅಕ್ಷರಪಾಠಕ್ಕೆ ಕೂತಳು. ನನ್ನ ಮೊದಲ ಪಾಠದಲ್ಲಿ ಮೂರು ಪದಗಳಿದ್ದವು: ಊರು, ನೀರು, ಕೂಲಿ. ಎರಡನೆಯ ದಿನ ಆಕೆ ‘ನೀರು’ ಎಂಬುದನ್ನು ಬೆರಳಿಟ್ಟು ಓದಿದಳು. ನಲವತ್ತು ದಾಟಿದ ಹೆಂಗಸು, ಓದಿ ಮುಗಿಸಿ ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕಳು.

ಮೂರನೆಯ ದಿನ ಬೆಳಿಗ್ಗೆ ಸಿರಿಗೇರಿಯವಳು ಒಂದು ಬೊಂಬೆಯ ಕುತ್ತಿಗೆಯ ಸಂದು ಉಜ್ಜುತ್ತಿದ್ದಳು. ಕನ್ನಡಕ ಕೊಟ್ಟಿರಲಿಲ್ಲ. ಗಾಜಿನ ಪುಡಿ ಎಡಗಣ್ಣಿಗೆ ಬಿತ್ತು. ಅದು ದಿನಕ್ಕೊಮ್ಮೆ ಯಾರಿಗಾದರೂ ಆಗುವಂಥದೇ. ಮಗ್ಗಿನ ನೀರು ಚಿಮುಕಿಸಿಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಿದ್ದರು. ಅವಳ ಮಗ್ಗಿನಲ್ಲಿದ್ದ ನೀರು ಉಜ್ಜಿದ ಪುಡಿಯಿಂದ ಬೆಳ್ಳಗಾಗಿತ್ತು. ಕಣ್ಣು ಮುಚ್ಚಿಕೊಂಡೇ, ಚಲೋ ನೀರು ಕೊಡೆಂದು ಪಕ್ಕದಲ್ಲಿದ್ದ ಕುರುಗೋಡಿನವಳಿಗೆ ಹೇಳಿದಳು. ಆಕೆ ಸುತ್ತ ನೋಡಿದಳು. ಮೇಸ್ತ್ರಿಯ ಹಲಗೆಯ ಮೇಲೆ, ಅವನು ಹನಿ ಎಣಿಸಲು ತೆರೆದಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯಿತ್ತು. ಅದರ ಮೇಲಿದ್ದ ಎರಡು ಪದಗಳಲ್ಲಿ ಒಂದನ್ನು ಆಕೆ ಓದಬಲ್ಲವಳಾಗಿದ್ದಳು. ಬೊಗಸೆಗೆ ಸುರಿದುಕೊಟ್ಟಳು.

ಸಿರಿಗೇರಿಯವಳು ಅದನ್ನು ಕಣ್ಣಿಗೆ ಎರಚಿಕೊಂಡಳು. ನೆಲಕ್ಕೆ ಕುಸಿದು ತಲೆಯನ್ನು ಮೊಣಕಾಲಿಗೆ ಒತ್ತಿಕೊಂಡಳು. ಮೇಸ್ತ್ರಿ ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ.

ಮುಂದೇನು ಮಾಡಬೇಕೆಂದು ನಮಗಾರಿಗೂ ತಿಳಿದಿರಲಿಲ್ಲ. ಒಬ್ಬಳು ಹರಳೆಣ್ಣೆ ಬಿಡೋಣವೆಂದಳು. ಕುರುಗೋಡಿನವಳು ಪಕ್ಕದ ಮನೆಯ ಬಾಣಂತಿಯಿಂದ ಎದೆಹಾಲು ತರುತ್ತೇನೆಂದು ಹೊರಟಳು. ಲೇಬಲ್ಲಿನಲ್ಲಿ ಏನಾದರೂ ಬರೆದಿರುತ್ತದೆಂದು ಮೇಸ್ತ್ರಿ ಹೇಳಿದ. ಅವನಿಗೆ ಇಂಗ್ಲಿಷ್ ಬಾರದು. ಲೇಬಲ್ಲು ನನ್ನ ಚೀಟಿಯ ಅಡಿಯಲ್ಲಿತ್ತು. ಉಗುರಿನಿಂದ ಕೆರೆದೆ. ಮೈದಾ ಅಂಟು ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಒದ್ದೆ ಬಟ್ಟೆಯಿಂದ ನೆನೆಸಿ, ತಿಕ್ಕಿ, ಚೀಟಿಯನ್ನು ಚೂರು ಚೂರಾಗಿ ಎಬ್ಬಿಸಿದೆ. ಅಡಿಯಲ್ಲಿ ಕೆಂಪಕ್ಷರದಲ್ಲಿ ಇತ್ತು: ಕಣ್ಣಿಗೆ ತಗುಲಿದರೆ ದೃಷ್ಟಿ ಹೋಗಬಹುದು, ಆ ಕ್ಷಣವೇ ಧಾರಾಳವಾದ ನೀರಿನಿಂದ ಕನಿಷ್ಠ ಹದಿನೈದು ನಿಮಿಷ ತೊಳೆಯಬೇಕು. ಓದುವ ಹೊತ್ತಿಗೆ ಆ ಕ್ಷಣ ಕಳೆದುಹೋಗಿತ್ತು.

ಧಾರಾಳವಾದ ನೀರು ಎಲ್ಲಿತ್ತು? ನಲ್ಲಿಗೆ ನೀರು ಬರುವ ದಿನವಾಗಿರಲಿಲ್ಲ, ಯಜಮಾನರ ಮನೆಯ ಹಂಡೆಯೂ ಬರಿದಾಗಿತ್ತು. ತೊಟ್ಟಿಯಲ್ಲಿದ್ದದ್ದು ಬೊಂಬೆ ತೊಳೆದ ಗಾಜಿನ ಪುಡಿಯ ನೀರು. ಕುಡಿಯುವ ಕೊಡದಲ್ಲಿ ಉಳಿದಿದ್ದನ್ನು ಅವಳ ಕಣ್ಣಿಗೆ ಸಣ್ಣಗೆ ಹೊಯ್ಯುತ್ತಿರಲು ಮೇಸ್ತ್ರಿಗೆ ಹೇಳಿ, ನಾನು ಎದುರು ಮನೆಗೆ ಕೊಡ ಹಿಡಿದು ಓಡಿದೆ. ಆ ಮನೆಯವರು ಬಾಗಿಲಲ್ಲೇ ನಿಂತರು.

“ಯಾರಿಗ್ರಿ ನೀರು? ಯಾವ ಮಂದಿ ಆಕಿ?”

“ಕಣ್ಣಿಗೆ ಬೇಕ್ರಿ” ಎಂದೆ.

ಅವರು ನನ್ನ ಕೊಡವನ್ನು ಒಳಗೆ ತೆಗೆದುಕೊಳ್ಳದೆ, ಒಳಗಿನಿಂದ ತಂಬಿಗೆಯಲ್ಲಿ ತಂದು ತಂದು ಮೇಲಿನಿಂದ ಹೊಯ್ದರು. ಎಷ್ಟು ತಂಬಿಗೆಯಾದವೋ ತಿಳಿಯದು. ನಾನು ಕಾಯುತ್ತ ನಿಂತಿದ್ದೆ. ಅದನ್ನೂ ತಪ್ಪುಗಳ ಪಟ್ಟಿಯಲ್ಲಿ ಬರೆಯಬೇಕು.

ನಾನು ಮರಳುವ ಹೊತ್ತಿಗೆ ಯಜಮಾನರು ಆಟೋ ತರಿಸಿದ್ದರು. ಅವರು ಕ್ರೂರಿಯಾಗಿರಲಿಲ್ಲ. ಅವಳನ್ನು ತಾವೇ ಕೈಹಿಡಿದು ಕೂರಿಸಿದರು. ಔಷಧಿಯ ಚಿಂತೆ ಬೇಡವೆಂದರು. ಆಮೇಲೆ ನನ್ನನ್ನು ಬದಿಗೆ ಕರೆದರು.

“ಅಕ್ಕೋರ, ನೀವು ಓದಿದವ್ರು, ಬಿಡಿಸಿ ಹೇಳಬೇಕಾಗಿಲ್ಲ. ಮನಿಗಳ ನಡುವ ಈ ಕೆಲಸ ಮಾಡಾಕ ನಮಗ ಪರವಾನಗಿ ಇಲ್ಲ. ಗ್ವಾಡಿಗೆ ಸುಣ್ಣ ಹಚ್ಚಾಕತ್ತಿದ್ಲು, ಕಣ್ಣಾಗ ಬಿತ್ತು. ದವಾಖಾನಿಯಾಗ ಅಷ್ಟ ಹೇಳ್ರಿ. ಇಲ್ಲಂದ್ರ ನಾಳಿ ಶೆಡ್ಡಿಗೆ ಬೀಗ ಬೀಳ್ತೈತಿ, ಇವರೆಲ್ಲಾ ಎಲ್ಲಿಗೆ ಹೋಗ್ತಾರ?”

ನಾನು ಉತ್ತರಿಸುವ ಮುನ್ನ ಆಟೋದೊಳಗಿನಿಂದ ಅವಳೇ ಹೇಳಿದಳು. ಮುಖವೆಲ್ಲ ಸೆರಗಿನಲ್ಲಿತ್ತು.

“ಸುಣ್ಣ ಅಂತನ ಅನ್ರಿ ಅಕ್ಕೋರ. ಮತ್ತ ಕೆಸರಾಗ ನಾಟಿಗೆ ನಿಲ್ಲಾಕ ನನ್ನಿಂದ ಆಗಂಗಿಲ್ಲ.”

ಆಸ್ಪತ್ರೆಯಲ್ಲಿ ಸುಣ್ಣವೆಂದೇ ಬರೆಸಿದೆ. ಅವಳೇ ಹೇಳಿದಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಬೇರೆಯೇ ಇತ್ತು. ಕ್ಯಾಟಲಿಸ್ಟ್ ಎಂದು ಬರೆಸಿದರೆ, ಅದು ನೀರಿನ ಹೆಸರಿನಲ್ಲಿ ಹಲಗೆಯ ಮೇಲೆ ಹೇಗೆ ಬಂತೆಂಬ ಪ್ರಶ್ನೆ ಬರುತ್ತಿತ್ತು. ಯಜಮಾನರ ಸುಳ್ಳು ನನಗೂ ಅನುಕೂಲವಾಗಿತ್ತು. ಕಣ್ಣು ತೊಳೆದು, ಮುಲಾಮು ಹಚ್ಚಿ, ಪಟ್ಟಿ ಕಟ್ಟಿ, ಹಾಸಿಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದ ವೈದ್ಯರು ರೆಪ್ಪೆಯನ್ನು ಹೊರಳಿಸಿ, ಬ್ಯಾಟರಿ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. ಕಣ್ಣಿನ ಕಪ್ಪಿನ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿತ್ತು. ಆಮೇಲೆ ಅವಳ ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದರು.

“ಸುಣ್ಣ ಆಗಿದ್ರೆ ರೆಪ್ಪೆ ಕೆಳಗೆ ಚೂರು ಸಿಗಬೇಕಿತ್ತಮ್ಮ. ನಿನ್ನೆಯೂ ಸಿಗಲಿಲ್ಲ, ಇವತ್ತೂ ಇಲ್ಲ. ಬಲಗಣ್ಣೂ ಕೆಂಪಾಗ್ತಿದೆ. ಏನು ಬಿತ್ತು ಅಂತ ಗೊತ್ತಾಗದೆ ನಾನು ಏನು ಮಾಡಲಿ?”

ಸಿರಿಗೇರಿಯವಳು ನನ್ನ ಸೀರೆಯ ಅಂಚನ್ನು ಹಿಡಿದು ಎಳೆದಳು, ಹೇಳಬೇಡವೆಂಬಂತೆ. ಬಲಗಣ್ಣು ಎಂಬ ಮಾತು ಕಿವಿಗೆ ಬಿದ್ದಮೇಲೆ ನನಗೆ ಯೋಚಿಸಲು ಏನೂ ಉಳಿದಿರಲಿಲ್ಲ. ಬೇಗ ಬರುತ್ತೇನೆಂದು ಹೇಳಿ ಗಾಂಧಿನಗರಕ್ಕೆ ಹೋದೆ. ಅರ್ಧ ಚೀಟಿ ಇನ್ನೂ ಅಂಟಿಕೊಂಡಿದ್ದ ಡಬ್ಬಿಯನ್ನು ಮೇಸ್ತ್ರಿ ಎತ್ತಿಕೊಟ್ಟ. ಅದನ್ನು ತಂದು ವೈದ್ಯರ ಮೇಜಿನ ಮೇಲಿಟ್ಟು, ಎಲ್ಲಿ, ಹೇಗೆ, ಯಾರ ಕೈಯಿಂದ ಎಂಬುದನ್ನೆಲ್ಲ ಹೇಳಿದೆ. ಅವರು ಲೇಬಲ್ಲನ್ನು ಓದಿದರು, ಹಿಂದಿನ ದಿನದ ಬರಹವನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಎರಡೂ ಕಣ್ಣುಗಳನ್ನು ಗಂಟೆಗಳ ಕಾಲ ತೊಳೆಸಿದರು, ಔಷಧ ಬದಲಿಸಿದರು. ನಿನ್ನೆಯೇ ಹೇಳಿದ್ದರೆ ಎಡಗಣ್ಣು ಉಳಿಯುತ್ತಿತ್ತೇ ಎಂದು ನಾನು ಕೇಳಿದೆ. ಹೇಳಲಾರೆ ಎಂದರು. ಇಲ್ಲವೆಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಲಗಣ್ಣು ಉಳಿಯಿತು. ಎಡಗಣ್ಣು ಹೋಯಿತು.

ಆಸ್ಪತ್ರೆಯ ವರದಿಯ ಮೇಲೆ ಅಧಿಕಾರಿಗಳು ತನಿಖೆಗೆ ಬಂದರು. ಶೆಡ್ಡಿಗೆ ಬೀಗ ಬಿತ್ತು. ಸಿರುಗುಪ್ಪದ ಅಂಗಡಿಗೆ ಯಜಮಾನರು ಮುಂಬಯಿಯಿಂದಲೇ ಬೊಂಬೆ ತರಿಸಿಕೊಟ್ಟರು. ಆ ಹೊತ್ತಿಗೆ ತಲೆಯೇ ಇಲ್ಲದ ಬೊಂಬೆಗಳು ಬರಲಾರಂಭಿಸಿದ್ದವು: ಕುತ್ತಿಗೆಯವರೆಗೆ ಮಾತ್ರ, ಬೆಲೆಯೂ ಕಡಿಮೆ. ಮುಖ ಬರೆಯುವವರ ಅಗತ್ಯ ಹಾಗೆ ತಾನಾಗಿಯೇ ಮುಗಿಯಿತು. ಮೇಸ್ತ್ರಿ ಮದ್ರಾಸಿಗೆ ಹೋದ. ಕೆಲಸ ಕಳೆದುಕೊಂಡ ಹೆಂಗಸರಲ್ಲಿ ಇಬ್ಬರು ನನ್ನನ್ನು ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದರು. ಕುರುಗೋಡಿನವಳು ಊರಿಗೆ ಹೋದಳು. ಅಕ್ಷರದ ಸುದ್ದಿ ಎತ್ತಿದರೆ ಎದ್ದುಹೋಗುತ್ತಾಳೆಂದು ಕೇಳಿದೆ.

ನಾನು ಕಾರ್ಮಿಕ ಇಲಾಖೆಗೆ ಕೊಡಲು ಒಂದು ಅರ್ಜಿ ಸಿದ್ಧಪಡಿಸಿದೆ. ಅದಕ್ಕೆ ಸಿರಿಗೇರಿಯವಳ ಸಹಿ ಬೇಕಿತ್ತು. ಮಳೆಗಾಲದ ಹೊತ್ತಿಗೆ ಅವಳು ಸಿರಿಗೇರಿಗೆ, ತಮ್ಮನ ಮನೆಗೆ ಮರಳಿದ್ದಳು. ಬಸ್ಸಿಳಿದು ಹೋದಾಗ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಲ್ಲು ಕಾಣಿಸಲೆಂದು ಮುಖವನ್ನು ಪೂರಾ ಎಡಕ್ಕೆ ಹೊರಳಿಸಿ, ಬಲಗಣ್ಣನ್ನು ಮೊರದ ಮೇಲೆ ತಂದುಕೊಳ್ಳುತ್ತಿದ್ದಳು. ನನ್ನನ್ನು ಕಂಡು ಕೂರಲು ಜಾಗ ಮಾಡಿಕೊಟ್ಟಳು. ಅರ್ಜಿಯಲ್ಲಿ ಏನಿದೆ, ಓದಿ ಹೇಳಬೇಕೆಂದಳು.

ಓದಿದೆ. ಎಂಟು ಅಂಶಗಳಿದ್ದವು. ಪರವಾನಗಿಯಿಲ್ಲದ ಕೆಲಸ, ಅರ್ಧ ಕೂಲಿ, ಕನ್ನಡಕ ಕೊಡದಿದ್ದದ್ದು, ಕೈಗವಸು ಕೊಡದಿದ್ದದ್ದು, ತೊಳೆಯಲು ಶುದ್ಧ ನೀರಿಲ್ಲದ್ದು, ಹೊಸಬರಿಗೆ ಅಪಾಯ ತಿಳಿಸದಿದ್ದದ್ದು, ವಿಷವನ್ನು ತೆರೆದಿಟ್ಟದ್ದು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿಸಿದ್ದು. ಒಂದೊಂದನ್ನೂ ಕಾನೂನಿನ ಭಾಷೆಯಲ್ಲಿ ಬಿಗಿಯಾಗಿ ಬರೆದಿದ್ದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಕೇಳಿದಳು.

“ಎಲ್ಲಾರ್ದೂ ಬರ್ದೀರಿ. ನಿಮ್ದು ಎಲ್ಲೈತ್ರಿ ಅಕ್ಕೋರ?”

ನಾನು ಮತ್ತೆ ಕಾಗದದ ಕಡೆ ನೋಡಿದೆ.

“ಡಬ್ಬಿಗೆ ಚೀಟಿ ಹಚ್ಚಿದ್ದು ಯಾರು ಅಂತ ಬರಿಲಿಲ್ಲಲ್ಲ” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ನನಗ ಆ ಕುರುಗೋಡಾಕಿ ಮ್ಯಾಲ ಬ್ಯಾಸರಿಲ್ಲ. ಆಕಿ ನೀವು ಬರ್ದದ್ದನ್ನ ಓದಿದ್ಲು. ಅದನ್ನ ಬರೀಲಿಲ್ಲಂದ್ರ ಮಂದಿ ಆಕೀದ ತಪ್ಪು ಅಂತಾರ.”

ಅದನ್ನು ಬರೆದರೆ ಅರ್ಜಿ ದುರ್ಬಲವಾಗುತ್ತದೆ, ಎದುರಾಳಿಗೆ ಅಸ್ತ್ರ ಕೊಟ್ಟಂತಾಗುತ್ತದೆ ಎಂದು ನಾನು ವಿವರಿಸಲು ನೋಡಿದೆ. ಅವಳು ವಾದಿಸಲಿಲ್ಲ, ಸಹಿಗೆಂದು ನಾನು ಚಾಚಿದ ಪೆನ್ನನ್ನು ತೆಗೆದುಕೊಳ್ಳಲೂ ಇಲ್ಲ. ಕೊನೆಗೆ ನಾನೇ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಒಂಬತ್ತನೆಯದನ್ನು ಬರೆದೆ: ಡಬ್ಬಿಯ ಎಚ್ಚರಿಕೆಯನ್ನು ಮುಚ್ಚಿ ಅದರ ಮೇಲೆ ‘ನೀರು’ ಎಂದು ಬರೆದು ಅಂಟಿಸಿದವಳು ಈ ಅರ್ಜಿ ಬರೆದ ನಾನು; ಹಾಗೆ ಬರೆಯಬಾರದೆಂದು ಮೇಸ್ತ್ರಿ ಮೊದಲೇ ಹೇಳಿದ್ದನು. ಅವಳು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು, ಕಾಗದವನ್ನು ಬಲಗಣ್ಣಿನ ನೇರಕ್ಕೆ ಹಿಡಿದು, ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಬರೆದಳು.

ಯಜಮಾನರ ವಕೀಲರು ಕೊಟ್ಟ ಉತ್ತರದಲ್ಲಿ ಮೊದಲ ಎಂಟು ಅಂಶಗಳ ಪ್ರಸ್ತಾಪವೇ ಇರಲಿಲ್ಲ. ಅವರು ಒಂಬತ್ತನೆಯದನ್ನು ಮಾತ್ರ ಎತ್ತಿಕೊಂಡು, ಇದು ನಿಜವೇ ಎಂದು ವಿಚಾರಣೆಯಲ್ಲಿ ನನ್ನನ್ನು ಕೇಳಿದರು. ನಿಜವೆಂದು ಹೇಳಿದೆ.